ಅತ್ತೆಯ ಕಾರಿನ ಚಪ್ಪರ

ಈ ಸೋಮವಾರ ಬೆಳಿಗ್ಗೆ ಸಾನಪಾಡಾದಿಂದ ಐರೋಲಿಗೆ ಹೋಗುವ ಲೋಕಲ್ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಮೊದಲು ಮೂಗು ಸಿಂಡರಿಸಿದಳು, ಆಮೇಲೆ ಕರವಸ್ತ್ರ ಹಿಡಿದಳು, ಕಡೆಗೆ ಎದ್ದು ಬಾಗಿಲ ಬಳಿ ಹೋಗಿ ನಿಂತಳು. ನಮ್ಮ ಕಡೆಯ ಲೋಕಲ್ಲಿನಲ್ಲಿ ಸಿಕ್ಕಿದ ಸೀಟನ್ನು ಯಾರಾದರೂ ತಾವಾಗಿ ಬಿಟ್ಟು ಎದ್ದರೆ ಅದಕ್ಕೆ ಬಲವಾದ ಕಾರಣವೇ ಇರಬೇಕು. ಕಾರಣ ನಾನೇ. ನನ್ನ ಕೂದಲಿನಿಂದ ರೆಕ್ಸಿನ್ ಅಂಟಿಸುವ ಗೋಂದಿನ ವಾಸನೆ ಬರುತ್ತಿತ್ತು. ಹಿಂದಿನ ದಿನ ಶಾಂಪೂ, ಸೀಗೆಪುಡಿ, ನಿಂಬೆಹಣ್ಣು ಎಲ್ಲವೂ ಆಗಿದ್ದವು, ಅದು ಜಗ್ಗಿರಲಿಲ್ಲ. ಸಾಲದ್ದಕ್ಕೆ ಅದರ ಜೊತೆ ಇಡ್ಲಿ ಹಬೆಯ ಹುಳಿವಾಸನೆಯೂ ಸೇರಿಕೊಂಡಿತ್ತು. ಚಪ್ಪಲಿ ಅಂಗಡಿಯಲ್ಲಿ ಯಾರೋ ಇಡ್ಲಿ ಬೇಯಿಸುತ್ತಿದ್ದಾರೆ ಎಂದುಕೊಳ್ಳಿ, ಸರಿಸುಮಾರು ಹಾಗೆ. ನೀವಾಗಿದ್ದರೆ ಎದ್ದು ಹೋಗುತ್ತಿರಲಿಲ್ಲ ಎಂಬ ನಂಬಿಕೆಯಿಂದ ಹೇಳುತ್ತಿದ್ದೇನೆ.

ವಿಷಯ ಇಷ್ಟೇ. ನಮ್ಮ ಮನೆಯಲ್ಲೊಂದು ಹಳೆಯ ಪದ್ಮಿನಿ ಕಾರಿದೆ, ಅದರ ಚಪ್ಪರ ಬದಲಿಸಿದೆವು. ಚಪ್ಪರವೆಂದರೆ ಕಾರಿನ ತಗಡಿನ ಮಾಡಿಗೆ ಒಳಗಿನಿಂದ ಬಿಗಿದು ಹೊದಿಸಿರುವ ಬಿಳಿ ರೆಕ್ಸಿನ್. ಗ್ಯಾರೇಜಿನವರು ಅದನ್ನು ರೂಫ್ ಲೈನಿಂಗ್ ಎನ್ನುತ್ತಾರೆ, ನನ್ನ ಅತ್ತೆ ಚಪ್ಪರ ಎನ್ನುತ್ತಾರೆ. ಕಾರು ಅತ್ತೆಯದ್ದು, ಆದ್ದರಿಂದ ಮಾತೂ ಅವರದ್ದೇ ಇರಲಿ. ಇದರಲ್ಲಿ ಕೂತು ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಒಂದು ವಾರದ ಹಿಂದೆ ಕೇಳಿದ್ದರೆ ನಾನೂ ಏನಿಲ್ಲ ಎನ್ನುತ್ತಿದ್ದೆ.

ಅತ್ತೆಯ ಹೆಸರು ವಾರಿಜಾ. ಉಡುಪಿಯ ಹತ್ತಿರದ ಕಾಪುವಿನವರು. ಅವರು ಮದುವೆಯಾಗಿ ಡೊಂಬಿವಲಿಗೆ ಬಂದಾಗ ಮಾವನವರು ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರಂತೆ. ಕಾರು ಕೊಂಡವರು ಮಾವ. ಆದರೆ ಅವರಿಗೆ ಕಾರು ಓಡಿಸುವುದಕ್ಕಿಂತ ಕಾರಿನ ಬಗ್ಗೆ ಗಿರಾಕಿಗಳ ಹತ್ತಿರ ಮಾತಾಡುವುದು ಹೆಚ್ಚು ಇಷ್ಟ, ಸ್ಟಿಯರಿಂಗ್ ಹಿಡಿದರೆ ಕೈ ಬೆವರುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಹೋಟೆಲನ್ನೂ ಕಾರನ್ನೂ ಕೊಂಡುಕೊಳ್ಳಲು ನೆಂಟರೇ ಬಂದು ಕೂತರು. ಅತ್ತೆ ಎರಡನ್ನೂ ಕೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರೈವರನ ಸೀಟಿನ ಮೇಲೊಂದು ದಪ್ಪ ದಿಂಬು ಹಾಕಿಕೊಂಡು, ಡೊಂಬಿವಲಿಯ ಗಲ್ಲಿಗಳಲ್ಲಿ ಕಾರು ಕಲಿತರು. ದಿಂಬು ಯಾಕೆಂದರೆ ಅವರು ನನ್ನ ಭುಜಕ್ಕೆ ಬರುತ್ತಾರೆ, ನಾನೇನೂ ಎತ್ತರದವಳಲ್ಲ. ಅಂದಿನಿಂದ ವಾಶಿಯ ಸಗಟು ಮಾರುಕಟ್ಟೆಯಿಂದ ಹೋಟೆಲಿಗೆ ಬೇಕಾದ ತೆಂಗಿನಕಾಯಿ, ಬೂದುಗುಂಬಳ, ಕರಿಬೇವು ಎಲ್ಲ ತರುವವರು ಅವರೇ. ಅಲ್ಲಿಯ ಹಮಾಲರು ಅವರನ್ನು ಗಾಡಿವಾಲಿ ಅಮ್ಮಾ ಎಂದು ಕರೆಯುತ್ತಾರೆ. ಹೋಟೆಲು ಸ್ವಲ್ಪ ಕೈಹಿಡಿದ ಮೇಲೆ ಮನೆ ಸಾನಪಾಡಾಕ್ಕೆ ಬಂತು, ಹೋಟೆಲು ಡೊಂಬಿವಲಿಯಲ್ಲೇ ಉಳಿಯಿತು. ಈಗ ಅದನ್ನು ನೋಡಿಕೊಳ್ಳುವವನು ಅವರ ಮಗ ದಿನೇಶ, ಅಂದರೆ ನನ್ನ ಗಂಡ.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲಿ ಎಲ್ಲರೂ ತುಳುವಿನಲ್ಲಿ ಮಾತಾಡುತ್ತಿದ್ದರೆ, ನಾನು ಯಾರು ನಗುತ್ತಾರೋ ಅವರನ್ನು ನೋಡಿ ನಗುತ್ತಿದ್ದೆ. ಅದನ್ನು ಗಮನಿಸಿದವರು ಅತ್ತೆ. ಒಂದು ದಿನ, ಕಾಯಿ ಹೊರಲಿಕ್ಕೆ ಜನ ಬೇಕು ಎಂಬ ನೆಪ ಹೇಳಿ ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದರು. ಕಾರಿನ ಬಾಗಿಲು ಹಾಕಿದ್ದೇ ತಡ, ಕನ್ನಡದಲ್ಲಿ ಮಾತು ಸುರುಮಾಡಿದರು. ಯಾವ ನೆಂಟರ ಹತ್ತಿರ ಎಷ್ಟು ಮಾತಾಡಬೇಕು, ಯಾವ ಮೀನನ್ನು ಹೇಗೆ ಮುಟ್ಟಿ ನೋಡಬೇಕು, ದಿನೇಶ ಯಾವಾಗ ಸುಳ್ಳು ಹೇಳುತ್ತಾನೆ ಎಂಬುದೆಲ್ಲ ನನಗೆ ಆ ಕಾರಿನಲ್ಲಿ ತಿಳಿಯಿತು. ಮನೆಗೆ ಮರಳಿ ಮೆಟ್ಟಿಲು ಹತ್ತುವಾಗ ಮತ್ತೆ ತುಳು. ನನ್ನ ಹುಬ್ಬಳ್ಳಿ ಮಾತಿಗೆ ಅವರು ನಗುತ್ತಿದ್ದರು, ಅವರ ಎಂತ, ಉಂಟುಗಳಿಗೆ ನಾನು ನಗುತ್ತಿದ್ದೆ. ತವರು ಬಿಟ್ಟು ಬಂದವಳಿಗೆ ಅತ್ತೆಮನೆಯಲ್ಲಿ ಸಿಕ್ಕ ಮೊದಲ ಗೆಳತಿ ಅತ್ತೆಯೇ ಆದರೆಂದರೆ ನನ್ನ ಅಕ್ಕತಂಗಿಯರು ಇಂದಿಗೂ ನಂಬುವುದಿಲ್ಲ.

ಅವರ ಡ್ರೈವಿಂಗಿನ ಬಗ್ಗೆ ಒಂದು ಮಾತು ಹೇಳಬೇಕು. ಕಾರು ಓಡುವಾಗ ಅವರು ಯಾವ ಕಾರಣಕ್ಕೂ ಕುತ್ತಿಗೆ ತಿರುಗಿಸುವವರಲ್ಲ. ಅವರಿಗೆ ಕಲಿಸಿದ ಮಾಸ್ತರರು ಮುಖ ಮುಂದೆ, ಕಣ್ಣು ಕನ್ನಡಿಯಲ್ಲಿ ಎಂದು ಹೇಳಿಕೊಟ್ಟಿದ್ದರಂತೆ. ಅತ್ತೆ ಅದನ್ನು ವ್ರತದ ಹಾಗೆ ಹಿಡಿದರು. ಹಿಂದಿನ ಸೀಟಿನಲ್ಲಿ ಕಾಯಿಯ ಗೋಣಿ ಉರುಳಿಬಿದ್ದರೂ ತಿರುಗಿ ನೋಡರು. ಹೊರಗಿನ ಕನ್ನಡಿಯನ್ನು ರಿಕ್ಷಾವೊಂದು ಕಿತ್ತುಕೊಂಡು ಹೋಗಿ ಬಹಳ ಕಾಲವಾಗಿತ್ತು, ಹಾಗಾಗಿ ಹಿಂದಿನದ್ದೆಲ್ಲ ಒಳಗಿನ ಆ ಚಿಕ್ಕ ಕನ್ನಡಿಯಲ್ಲೇ ಕಾಣಬೇಕು. ಇನ್ನೊಂದು ಅಭ್ಯಾಸವೆಂದರೆ ಗಾಳಿ. ಎಲ್ಲ ಕಿಟಕಿಗಳನ್ನೂ ಪೂರ್ತಿ ಇಳಿಸದೆ ಅವರು ಕಾರು ಬಿಡುವುದಿಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮಾರುಕಟ್ಟೆಗೆಂದು ಹೋದವರು ಬರಿಗೈಯಲ್ಲಿ ಮರಳಿದರು. ಕಾರಿನ ಕೀಲಿಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಿ, ಇನ್ನು ಸಾಕು ಎಂದರು. ಮೊಣಕಾಲು ನೋವಿರಬೇಕು ಎಂದು ನಾನೆಂದುಕೊಂಡೆ. ದಿನೇಶನಿಗೆ ಒಳಗೊಳಗೇ ಸಮಾಧಾನವಾಯಿತು. ಎಪ್ಪತ್ತು ದಾಟಿದ ತಾಯಿ ಠಾಣೆ-ಬೇಲಾಪುರ ರಸ್ತೆಯಲ್ಲಿ ಲಾರಿಗಳ ನಡುವೆ ನುಗ್ಗುವುದು ಯಾವ ಮಗನಿಗೆ ಹಿತ? ತರಕಾರಿಗೆ ಟೆಂಪೋ ಗೊತ್ತುಮಾಡಿದ. ಕಾರು ಕಟ್ಟಡದ ಕೆಳಗೆ ಧೂಳು ಹಿಡಿಯತೊಡಗಿತು.

ಅದಾದ ಮೇಲೊಂದು ಭಾನುವಾರ ಅಡುಗೆಮನೆಯಲ್ಲಿ ಅತ್ತೆ ಮೊಮ್ಮಗಳಿಗಾಗಿ, ಅಂದರೆ ನನ್ನ ಮಗಳಿಗಾಗಿ, ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು. ಹೋಟೆಲಿನಲ್ಲಿ ಶುದ್ಧ ಸಸ್ಯಾಹಾರ, ಮನೆಯಲ್ಲಿ ಮೀನು. ಇದರಲ್ಲಿ ಆಶ್ಚರ್ಯಪಡುವವರು ಕರಾವಳಿಯ ಹೋಟೆಲಿನವರ ಮನೆಯಲ್ಲಿ ಉಂಡವರಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸಿ, ಮುಳ್ಳು ಉಳಿದಿದೆಯೇ ನೋಡು ಎಂದರು. ನೋಡಿದೆ, ಇರಲಿಲ್ಲ. ಇಲ್ಲ ಎಂದರೆ ನಂಬಲಿಲ್ಲ, ಇನ್ನೊಮ್ಮೆ ನೋಡು ಎಂದರು. ನನಗೆ ಮೀನು ಬಿಡಿಸಲು ಕಲಿಸಿದವರೇ ನನ್ನ ಹತ್ತಿರ ಹಾಗೆ ಕೇಳಿದ್ದು ವಿಚಿತ್ರವೆನಿಸಿ ಯಾಕೆ ಎಂದೆ.

"ನನ್ನ ಕಣ್ಣು ಹೋಗ್ತಾ ಉಂಟು," ಎಂದರು, ಗ್ಯಾಸು ಮುಗಿಯುತ್ತಾ ಬಂತು ಎನ್ನುವವರ ಹಾಗೆ.

ಆಮೇಲೆ ಹೇಳಿದರು. ಕಾರು ಸ್ವಲ್ಪ ವೇಗ ಹಿಡಿದೊಡನೆ ಕನ್ನಡಿಯಲ್ಲಿ ಬಿಳಿಯ ಹೊಗೆಯಂಥದ್ದು ಇಳಿಯುತ್ತದಂತೆ. ನಿಧಾನ ಮಾಡಿದರೆ ಹೋಗುತ್ತದಂತೆ. ಕನ್ನಡಿ ಒರೆಸಿದರು, ಕನ್ನಡಕ ಒರೆಸಿದರು. ಮಗನಿಗೆ ಕನ್ನಡಿ ನೋಡಲು ಹೇಳಿದರು. ಅವನು ನಿಂತ ಕಾರಿನಲ್ಲಿ ಕೂತು ನೋಡಿ, ಎಲ್ಲ ಚಕಾಚಕ್ ಇದೆ ಎಂದ. ಅಂದರೆ ದೋಷ ಕಣ್ಣಿನದ್ದೇ. ಕೀಲಿ ತೂಗುಹಾಕಿದ ದಿನ ತುರ್ಭೆಯ ಹತ್ತಿರ ಬದಿಗೆ ಸರಿಯಲು ಹೋದಾಗ ಹಿಂದಿನಿಂದ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆದು ತಪ್ಪಿಸಿಕೊಂಡಿತಂತೆ. ಅಷ್ಟು ದೊಡ್ಡ ಲಾರಿ ಕನ್ನಡಿಯಲ್ಲಿ ಕಂಡಿರಲೇ ಇಲ್ಲ. ಅವರ ತಾಯಿಗೆ ಕಡೆಗಾಲದಲ್ಲಿ ಎರಡೂ ಕಣ್ಣು ಹೋಗಿದ್ದವು. ಅವರೂ ಮೊದಮೊದಲು ಬಿಳಿ ಹೊಗೆ ಎಂದೇ ಹೇಳುತ್ತಿದ್ದರಂತೆ, ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು, ಆಮೇಲೆ ಹೋಗಲೇ ಇಲ್ಲ.

ಡಾಕ್ಟರರ ಹತ್ತಿರ ಹೋಗೋಣ ಎಂದೆ. ಕೈ ಅಡ್ಡ ಹಿಡಿದರು. "ಡಾಕ್ಟರ್ ಹೇಳುವ ತನಕ ಅರ್ಧ ಕಣ್ಣಾದ್ರೂ ನನ್ನದು. ಹೇಳಿದ ಮೇಲೆ ಅದೂ ಇಲ್ಲ. ದಿನ್ನುಗೆ ಹೇಳ್ಬೇಡ, ಆಯ್ತಾ?" ಎಂದು ನನ್ನ ಕೈ ಮೇಲೆ ಕೈಯಿಟ್ಟು ಮಾತು ತೆಗೆದುಕೊಂಡರು. ಅವರ ಕೈಗೆ ಮೀನಿನ ವಾಸನೆ, ನನ್ನದಕ್ಕೂ. ನಾನು ಹೂಂ ಎಂದೆ.

ಭಯ ಎನ್ನುವುದು ಒಂದು ಕಡೆ ಕೂತು ಸುಮ್ಮನಿರುವ ಜಾತಿಯದ್ದಲ್ಲ. ಕನ್ನಡಿಯಲ್ಲಿ ಸುರುವಾದದ್ದು ಮನೆಯೊಳಗೆಲ್ಲ ಬಂತು. ಮೊದಲು ಮಲ್ಲಿಗೆ ಕಟ್ಟುವುದನ್ನು ಬಿಟ್ಟರು. ಆಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದರು. ಪೇಪರನ್ನು ಮುಂಚಿನಂತೆಯೇ ಓದುತ್ತಿದ್ದರು, ಆದರೆ ಓದಿ ಮುಗಿಸಿ ನನ್ನನ್ನು ಕರೆದು, ಇಲ್ಲಿ ಹೀಗೇ ಬರೆದಿದೆಯಲ್ಲವೇ ಎಂದು ಕೇಳುತ್ತಿದ್ದರು. ಹೌದು ಎಂದರೆ ನನ್ನ ಮುಖ ನೋಡುತ್ತಿದ್ದರು, ನಾನು ಅವರನ್ನು ಸಮಾಧಾನಪಡಿಸಲು ಹೇಳುತ್ತಿದ್ದೇನೋ ಎಂಬಂತೆ. ಮೊಮ್ಮಗಳು ಮರಾಠಿಯಲ್ಲಿ, ಆಜಿ, ಎಷ್ಟು ಮುದುಕಿಯಾಗಿಬಿಟ್ಟೆ ಎಂದು ನಗುತ್ತಾ ಹೇಳಿದಾಗ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಮಾತು ಕೊಟ್ಟು ಕಟ್ಟಿಹಾಕಿಕೊಂಡ ಬಾಯಿ, ಏನು ಮಾಡಲಿ?

ಮೊನ್ನೆ ಮೊನ್ನೆ ಅತ್ತೆಯೇ ಕಾರು ಮಾರಿಬಿಡು ಎಂದು ಮಗನಿಗೆ ಹೇಳಿದರು. ಠಾಣೆಯಲ್ಲಿ ಹಳೆಯ ಕಾರುಗಳನ್ನು ಕೊಂಡು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವನೊಬ್ಬನಿದ್ದಾನೆ. ಅವನು ಬಂದು, ಎಂಜಿನ್ನಿನ ಸದ್ದು ಕೇಳಿ ತಲೆದೂಗಿ, ಒಳಗೆ ತಲೆ ಹಾಕಿ ಮುಖ ಕಹಿ ಮಾಡಿದ. ಚಪ್ಪರ ನಿರಿಗೆಗಟ್ಟಿತ್ತು, ಹಿಂದಿನ ಗಾಜಿನ ಮೇಲಂಚಿನಲ್ಲಿ ಅಂಟು ಬಿಟ್ಟಿತ್ತು. ಮದುಮಗಳ ತಲೆಯ ಮೇಲೆ ಧೂಳು ಬಿದ್ದರೆ ಹೇಗೆ, ಇದೊಂದನ್ನು ಸರಿಮಾಡಿಸಿ ಕೊಡಿ ಎಂದ. ಅತ್ತೆ ಬಾಲ್ಕನಿಯಿಂದ ನೋಡುತ್ತಿದ್ದರು. ಅವನು ಕಾರಿನ ಬಾನೆಟ್ಟನ್ನು ಕೈಯಿಂದ ತಟ್ಟಿದಾಗ ಒಳಗೆ ಬಂದುಬಿಟ್ಟರು.

ಹಾಗೆ ಹೋದ ಶುಕ್ರವಾರ ನಾನು ರಜೆ ಹಾಕಿ ದಿನೇಶನ ಜೊತೆ ಹೊರಟೆ. ಚಪ್ಪರದ ಕೆಲಸ ಮಾಡುವ ಇಕ್ಬಾಲ್‌ಭಾಯಿಯ ಅಂಗಡಿ ಇರುವುದು ಕಲ್ಯಾಣದಲ್ಲಿ. ರೆಕ್ಸಿನ್ನಿನ ಬಣ್ಣ ಆರಿಸಲು ಹೆಂಗಸರಿರಲಿ ಎಂಬುದು ದಿನೇಶನ ವಾದ, ನಿಜ ಹೇಳಬೇಕೆಂದರೆ ನನಗೆ ಆ ಕಾರಿನಲ್ಲಿ ಕಡೆಯದಾಗಿ ಒಮ್ಮೆ ಕೂರಬೇಕಿತ್ತು. ಮಾರ್ಚಿನ ಸೆಖೆ, ಎಲ್ಲ ಕಿಟಕಿಗಳನ್ನೂ ಇಳಿಸಿದೆವು. ತುರ್ಭೆ ದಾಟಿ ರಸ್ತೆ ಖಾಲಿ ಸಿಕ್ಕಿದಾಗ ದಿನೇಶ ವೇಗ ಹೆಚ್ಚಿಸಿದ. ಹಿಂದಿನ ಸೀಟಿನಲ್ಲಿಟ್ಟ ನೀರಿನ ಬಾಟಲಿ ಉರುಳಿತೆಂದು ನಾನು ತಿರುಗಿದೆ.

ಹಿಂದಿನ ಗಾಜೇ ಇರಲಿಲ್ಲ. ಅದರ ಜಾಗದಲ್ಲಿ ಬಿಳಿಯದೊಂದು ದೊಡ್ಡ ಹೊಟ್ಟೆ ಇಳಿದಿತ್ತು. ಅಂಟು ಬಿಟ್ಟ ಅಂಚಿನಿಂದ ಗಾಳಿ ಒಳನುಗ್ಗಿ ರೆಕ್ಸಿನ್ ದಿಂಬಿನ ಹಾಗೆ ಉಬ್ಬಿ ಗಾಜನ್ನು ಪೂರ್ತಿ ಮುಚ್ಚಿತ್ತು. ನಾನು ಎದುರಿನ ಕನ್ನಡಿ ನೋಡಿದೆ. ಬಿಳಿ ಹೊಗೆ. ಅಷ್ಟರಲ್ಲಿ ಸಿಗ್ನಲ್ ಬಂತು, ಕಾರು ನಿಧಾನವಾಯಿತು, ಆ ಹೊಟ್ಟೆ ಸದ್ದಿಲ್ಲದೆ ಮೇಲೆ ಸರಿದು ತಗಡಿಗೆ ಒರಗಿಕೊಂಡಿತು. ಗಾಜು ಬಂತು, ಗಾಜಿನಾಚೆ ಟ್ಯಾಂಕರು, ಬಸ್ಸು, ಆಕಾಶ ಎಲ್ಲವೂ ಬಂದವು.

ಇನ್ನೊಮ್ಮೆ ಜೋರಾಗಿ ಓಡಿಸು ಎಂದೆ. ಯಾಕೆ ಎಂದ. ಓಡಿಸು ಅಂದರೆ ಓಡಿಸು ಎಂದೆ. ಓಡಿಸಿದ, ಇಳಿಯಿತು. ನಿಲ್ಲಿಸು ಎಂದೆ. ನಿಲ್ಲಿಸಿದ, ಏರಿತು. ಇನ್ನೊಮ್ಮೆ ಎಂದೆ. ನಾನು ನಗುತ್ತಿದ್ದೆ, ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ದಿನೇಶ ಕಾರನ್ನು ಬದಿಗೆ ನಿಲ್ಲಿಸಿ, ಪಿತ್ತ ಏರಿದೆಯಾ, ನಿಂಬೂಪಾನಿ ಕುಡೀತಿಯಾ ಎಂದು ಕೇಳಿದ. ಕಾರಣ ಹೇಳುವಂತಿಲ್ಲ, ಅತ್ತೆಗೆ ಮಾತು ಕೊಟ್ಟಾಗಿತ್ತು. ಕುಡಿಯುತ್ತೇನೆ ಎಂದೆ. ಮಹಾಪೆಯಲ್ಲಿ ಬಿಸಿಲಿನಲ್ಲಿ ನಿಂತು ಕುಡಿದ ಆ ನಿಂಬೂಪಾನಿಯಷ್ಟು ರುಚಿಯಾದದ್ದನ್ನು ನಾನು ಬಹಳ ಕಾಲದಿಂದ ಕುಡಿದಿರಲಿಲ್ಲ.

ಇಕ್ಬಾಲ್‌ಭಾಯಿ ಮಾತಿನ ಮನುಷ್ಯ. ತಾನು ಎಂತೆಂಥವರ ಕಾರುಗಳಿಗೆ ಹೊದಿಕೆ ಹಾಕಿದ್ದೇನೆಂದು ಹೇಳುತ್ತಲೇ ಹಳೆಯ ರೆಕ್ಸಿನ್ ಎಳೆದು ಕಿತ್ತ. ಒಳಗೆ ಬಿಲ್ಲಿನಂತೆ ಬಾಗಿದ ಸಪೂರ ಕಬ್ಬಿಣದ ಸರಳುಗಳು ಅಡ್ಡಡ್ಡಲಾಗಿ ಇದ್ದವು. ರೆಕ್ಸಿನ್ನಿಗೆ ಹೊಲಿದ ಕೊಳವೆಯಂಥ ಬಟ್ಟೆಪಟ್ಟಿಗಳಲ್ಲಿ ಅವನ್ನು ಪೋಣಿಸಿ, ತುದಿಗಳನ್ನು ಕಾರಿನ ಅಂಚಿನ ತೂತುಗಳಿಗೆ ಸಿಕ್ಕಿಸಿದರೆ ಚಪ್ಪರ ನಿಲ್ಲುತ್ತದೆ. ಎಲ್ಲಕ್ಕಿಂತ ಹಿಂದಿನ ಸರಳು ತುಕ್ಕು ತಿಂದು ತೂತಿನಿಂದ ಕಳಚಿತ್ತು. ಅತ್ತೆಯ ಎರಡೂ ಕಣ್ಣುಗಳನ್ನು ಮುಚ್ಚಬಲ್ಲೆನೆಂದು ಹೆದರಿಸಿದ್ದು ಆ ಗೇಣುದ್ದದ ತುಕ್ಕು. ನಾನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ, ಬಯ್ಯೋಣವೆನಿಸಿತು. "ಭಾಭಿ, ಟೆನ್ಶನ್ ನಹೀ ಲೇನೇ ಕಾ, ಚಿಂತೆಯೇ ಬೇಡ, ನಾಳೆ ಸಂಜೆಗೆ ಹೊಸ ಗಾಡಿ," ಎಂದ ಇಕ್ಬಾಲ್‌ಭಾಯಿ.

ಮನೆಗೆ ಬಂದವಳೇ ಅತ್ತೆಯನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡೆ. "ಅತ್ತೀ, ನಿಮ್ಮ ಕಣ್ಣಿಗೇನೂ ಆಗಿಲ್ರಿ. ಚಪ್ಪರ ಇಳೀತಿತ್ತು. ಗಾಳಿಗೆ ಉಬ್ಬಿ ಗಾಜು ಮುಚ್ಚತಿತ್ತು ಅಷ್ಟ," ಎಂದೆ. ಅವರು ಕುಣಿಯಬಹುದು, ನನ್ನನ್ನು ಅಪ್ಪಿಕೊಳ್ಳಬಹುದು ಎಂದೆಲ್ಲ ದಾರಿಯುದ್ದಕ್ಕೂ ಕಲ್ಪಿಸಿಕೊಂಡು ಬಂದಿದ್ದೆ. ಅತ್ತೆ ನನ್ನ ತಲೆ ಸವರಿ, ನೀನು ಒಳ್ಳೆಯವಳು ಎಂದರು. ನಾನು ಅವರನ್ನು ಸಮಾಧಾನ ಮಾಡಲು ಕತೆ ಕಟ್ಟುತ್ತಿದ್ದೇನೆ ಎಂದೇ ಅವರ ಎಣಿಕೆ. ತೋರಿಸೋಣವೆಂದರೆ ಕಾರು ಕಲ್ಯಾಣದಲ್ಲಿತ್ತು, ಹಳೆಯ ರೆಕ್ಸಿನ್ ಇಕ್ಬಾಲ್‌ಭಾಯಿಯ ಕಸದ ರಾಶಿಯಲ್ಲಿತ್ತು. ಸಾಕ್ಷಿಯನ್ನೇ ಕಿತ್ತುಹಾಕಿಸಿ ಬಂದ ವಕೀಲೆಯ ಸ್ಥಿತಿ ನನ್ನದು.

ಹಟ ಬಿಡಲಿಲ್ಲ. ನಾನು ಹೇಳುವುದು ಸುಳ್ಳಾದರೆ ಇನ್ನು ಎಂದೂ ಈ ಮಾತೆತ್ತುವುದಿಲ್ಲ ಎಂದು ಆಣೆಯಿಟ್ಟು ಶನಿವಾರ ಸೀವುಡ್ಸಿನ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿಗೆ ಹನಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಕೂರಿಸಿ, ಒಳಗೆಲ್ಲ ಇಣುಕಿ ನೋಡಿದ ಆ ಹುಡುಗಿ ಡಾಕ್ಟರು ನಕ್ಕು, ಪೊರೆ ಈಗಷ್ಟೇ ತುಸು ಸುರುವಾಗಿದೆ, ಈ ವಯಸ್ಸಿಗೆ ಇದು ಏನೂ ಅಲ್ಲ, ಕನ್ನಡಕದ ನಂಬರು ಕೂಡ ಬದಲಿಸುವುದು ಬೇಡ ಎಂದರು. ಕಾರು ಓಡಿಸಬಹುದೇ ಎಂದು ನಾನೇ ಕೇಳಿದೆ. ಧಾರಾಳವಾಗಿ ಎಂದರು.

ವಾಪಸು ಬರುವ ರಿಕ್ಷಾ ನೆರೂಳ ದಾಟುವಾಗ ಅತ್ತೆ ನಿಧಾನವಾಗಿ, "ಡಾಕ್ಟರ್ ಗೋಡೆಯ ಮೇಲೆ ಅಕ್ಷರ ಓದಿಸಿದ್ದು. ಗೋಡೆ ಓಡ್ತಾ ಇರ್ಲಿಲ್ಲ ಅಲ್ವಾ? ಕೂತಲ್ಲಿ ನನಗೆ ಯಾವಾಗ್ಲೂ ಕಾಣ್ತದೆ. ಓಡುವಾಗ ಅಲ್ವಾ ಮಬ್ಬು?" ಎಂದರು.

ಅವರ ತರ್ಕದಲ್ಲಿ ಕುಂದೇ ಇಲ್ಲ. ಹೊಗೆ ಬರುವುದು ಓಡುವಾಗ, ಹೊಗೆ ಇಲ್ಲವೆಂದು ತಿಳಿಯಬೇಕಾದರೆ ಓಡಿಸಬೇಕು, ಓಡಿಸಲು ಭಯ. ಲೋಕದ ಯಾವ ಡಾಕ್ಟರರಿಂದಲೂ ಬಿಡಿಸಲಾಗದ ಗಂಟು ಅದು. ಎಲ್ಲ ಸರಿಯಿದೆಯೆಂದು ಕಾಗದದಲ್ಲಿ ಬರೆದುಕೊಟ್ಟರೂ ಮನುಷ್ಯನ ಎದೆ ಅದನ್ನು ತಾನೇ ಮುಟ್ಟಿ ನೋಡದೆ ಒಪ್ಪುವುದಿಲ್ಲ.

ಶನಿವಾರ ಸಂಜೆ ದಿನೇಶ ಕಾರು ತಂದು ಡೊಂಬಿವಲಿಯ ಹೋಟೆಲಿನ ಹಿಂದೆ ನಿಲ್ಲಿಸಿ ಫೋನು ಮಾಡಿದ. ಇಕ್ಬಾಲ್‌ಭಾಯಿ ಕೈಕೊಟ್ಟಿದ್ದ. ಹಿಂದಿನ ಸರಳು ಹೊಸದು ಹಾಕಿ ಗಟ್ಟಿ ಮಾಡಿದ್ದನೇನೋ ನಿಜ, ಆದರೆ ಉಳಿದವನ್ನು ಮಾತಿನ ಭರದಲ್ಲಿ ಹಿಂದುಮುಂದು ಮಾಡಿದ್ದ. ಒಂದೊಂದು ಸರಳಿನ ಬಾಗು ಒಂದೊಂದು ಥರ, ಜಾಗ ಬದಲಾದರೆ ರೆಕ್ಸಿನ್ ಮುದುಡುತ್ತದೆ. ಮತ್ತೆ ಬಿಚ್ಚಿ ಸರಿಯಾಗಿ ಜೋಡಿಸಿದರೂ ಮುದುಡಿದ ಗೆರೆಗಳು ಉಳಿದಿದ್ದವು. ಮೇ ತಿಂಗಳ ಬಿಸಿಲಿಗೆ ತಾನಾಗಿ ಹೋಗುತ್ತದೆ ಎಂದು ಹೇಳಿ ಇಕ್ಬಾಲ್‌ಭಾಯಿ ಕೈತೊಳೆದುಕೊಂಡಿದ್ದ. ದಿನೇಶ ಹೋಟೆಲಿನವರ ಮಗ. ಅವನಿಗೆ ಪ್ರಪಂಚದ ಸಕಲ ಕಾಯಿಲೆಗೂ ಎರಡೇ ಮದ್ದು, ಬಿಸಿನೀರು ಇಲ್ಲವೆ ಹಬೆ. ಇಡ್ಲಿ ಬಾಯ್ಲರಿಗೆ ಪೈಪು ಸಿಕ್ಕಿಸಿ ಹಬೆ ಕೊಡೋಣ, ಬಾ ಎಂದ.

ಭಾನುವಾರ ಮಧ್ಯಾಹ್ನ ಗಿರಾಕಿಗಳ ಗಲಾಟೆ ಇಳಿದ ಮೇಲೆ ನಾವು ಆ ಕೆಲಸಕ್ಕೆ ಕೂತೆವು. ನಾನು ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ, ಕೈಗೆ ಬಟ್ಟೆ ಸುತ್ತಿಕೊಂಡು ಪೈಪು ಹಿಡಿದೆ. ದಿನೇಶ ಅಂಚನ್ನು ಎಳೆದು ಹಿಡಿದ. ಹಬೆ ತಾಗಿದಲ್ಲೆಲ್ಲ ಗೆರೆಗಳು ಕಣ್ಣೆದುರಿಗೇ ಮಾಯವಾಗುತ್ತಿದ್ದವು. ಒಂದು ಕಡೆ ಮಾತ್ರ ಹಬೆ ಹೆಚ್ಚಾಗಿ ಅಂಟು ಕರಗಿ ನನ್ನ ತಲೆಯ ಮೇಲೆ ಇಳಿಯಿತು. ಮತ್ತೆ ಗೋಂದು ಸವರಿ, ಒಣಗುವ ತನಕ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಿದೆವು. ಕಾಯುತ್ತಾ ಕೂತಾಗ ನಾನು ದಿನೇಶನಿಗೆ ಎಲ್ಲವನ್ನೂ ಹೇಳಿದೆ. ಡಾಕ್ಟರರು ಸರಿಯಿದೆ ಎಂದ ಮೇಲೆ ಕೊಟ್ಟ ಮಾತಿನ ಅವಧಿ ಮುಗಿಯಿತೆಂದು ನಾನೇ ತೀರ್ಮಾನಿಸಿಕೊಂಡೆ.

ಅವನು ಕ್ಲಿಪ್ಪುಗಳನ್ನು ಒಂದೊಂದಾಗಿ ಒತ್ತಿ ನೋಡಿದ. "ನಾನು ಚಕಾಚಕ್ ಅಂದೆ," ಎಂದ ಕಡೆಗೆ. "ಓಡಿಸಿ ನೋಡ್ಬೇಕಿತ್ತು ನಾನು. ಸುಮ್ಮನೆ ಕೂತು ನೋಡಿದೆ." ಹೆಗಲ ಮೇಲಿದ್ದ ಟವೆಲಿನಿಂದ ಮುಖ ಒರೆಸಿಕೊಂಡ. ಹಬೆಯ ಬೆವರೆಂದುಕೊಂಡವಳ ಹಾಗೆ ನಾನು ನಟಿಸಿದೆ. ಠಾಣೆಯವನಿಗೆ ಏನು ಹೇಳುವುದು ಎಂದು ಕೇಳಿದಾಗ, ಅಮ್ಮ ಹೇಳಿದ ಹಾಗೆ ಎಂದ.

ಆದರೆ ಅಮ್ಮ ಮನಸ್ಸು ಬದಲಿಸಲಿಲ್ಲ. ಸಂಜೆ ಕಾರು ಸಾನಪಾಡಾಕ್ಕೆ ಬಂದಾಗ ಕೆಳಗಿಳಿದು ಬಂದು, ಗೋಡೆ ಹಿಡಿದುಕೊಂಡೇ ಬಂದು, ಬಾಗಿಲು ತೆಗೆದು ಒಳಗೆ ಕೈಚಾಚಿ ಹೊಸ ಚಪ್ಪರವನ್ನು ಬೆರಳಿನಿಂದ ತಟ್ಟಿದರು. ತಮಟೆಯ ಹಾಗೆ ಸದ್ದಾಯಿತು. ಚೆನ್ನಾಗಿ ಬಿಗಿದಿದ್ದಾನೆ ಎಂದರು. ಕೂತು ನೋಡಿ ಅಂದೆವು. ಇನ್ನೊಬ್ಬರಿಗೆ ಕೊಡುವ ಕಾರಿನಲ್ಲಿ ಯಾಕೆ ಎಂದು ಮೇಲೆ ಹೋದರು. ಮೊಮ್ಮಗಳೂ ಹಿಂದಿ, ಮರಾಠಿ, ತನ್ನ ಮುರುಕು ತುಳು ಎಲ್ಲದರಲ್ಲೂ ಗೋಗರೆದಳು. ಆಗಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವರು ಟೀ ಲೋಟ ಹಿಡಿದು ಕಿಟಕಿಯ ಬಳಿ ಕೂತಿದ್ದರು. ಕೀಲಿ ಮೊಳೆಯಲ್ಲಿತ್ತು. ನಾನು ಹೊರಟೆ, ಹೇಳುವುದೆಲ್ಲ ಹೇಳಿ ಆಗಿತ್ತು. ಆಮೇಲೆ ಲೋಕಲ್ಲಿನಲ್ಲೇ ನನ್ನ ಪಕ್ಕದ ಹೆಂಗಸು ಮೂಗು ಸಿಂಡರಿಸಿದ್ದು. ನಿಜವಾಗಿ ಅವಳು ಎದ್ದು ಹೋದದ್ದು ಒಳ್ಳೆಯದೇ ಆಯಿತು, ಐರೋಲಿಯ ತನಕ ನನಗೂ ಯಾರ ಮುಖ ನೋಡುವುದೂ ಬೇಕಿರಲಿಲ್ಲ.

ದಿನವಿಡೀ ಆಫೀಸಿನಲ್ಲಿ ಒಂದನ್ನು ಮಾಡಲು ಹೋಗಿ ಇನ್ನೊಂದು ಮಾಡಿದೆ. ಸಂಜೆ ಸಾನಪಾಡಾದಲ್ಲಿ ಇಳಿದು, ಜನರ ನೂಕಿನಲ್ಲಿ ಹೊರಗೆ ಬಂದೆ. ರಿಕ್ಷಾದವರ ಸಾಲಿನಲ್ಲಿ ಜಗಳ ನಡೆದಿತ್ತು. ಸಾಲಿನ ನಡುವೆ ಕೆನೆಬಣ್ಣದ ಪದ್ಮಿನಿಯೊಂದು ಅಡ್ಡ ನಿಂತಿತ್ತು. ಎಲ್ಲ ಕಿಟಕಿಗಳೂ ಇಳಿದಿದ್ದವು. ರಿಕ್ಷಾದವರು ಬೊಬ್ಬೆ ಹೊಡೆಯುತ್ತಿದ್ದರೆ ದಿಂಬಿನ ಮೇಲೆ ಕೂತ ಅತ್ತೆ, ಮುಖ ಮುಂದಕ್ಕೇ ಇಟ್ಟುಕೊಂಡು, ತಣ್ಣಗೆ ಮರಾಠಿಯಲ್ಲಿ ಅವರಿಗೆ ಬುದ್ಧಿ ಹೇಳುತ್ತಿದ್ದರು.

ಮುಂದಿನ ಸೀಟಿನ ತುಂಬ ಬೂದುಗುಂಬಳ, ಕರಿಬೇವು. ಮಾರುಕಟ್ಟೆಗೆ ಹೋಗಿ ಬಂದಿದ್ದರು. ಹಿಂದೆ ಹತ್ತು ಎಂದರು, ಹತ್ತಿದೆ. ಮನೆಗೆ ಹೋಗುವ ತಿರುವು ಬಂತು, ಅವರು ತಿರುಗಿಸಲಿಲ್ಲ. ನೇರ ದೊಡ್ಡ ರಸ್ತೆಗೆ ಹಾಕಿದರು. ಗಾಳಿ ನುಗ್ಗಿತು, ಕೂದಲು ಮುಖಕ್ಕೆ ಬಡಿಯಿತು. ಕಾರು ವೇಗ ಹಿಡಿಯಿತು, ಇನ್ನೂ ಹಿಡಿಯಿತು. ನನ್ನ ತಲೆಯ ಮೇಲೆ ಚಪ್ಪರ ಅಲುಗದೆ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ಅವರು ತಿರುಗಿ ನೋಡುವವರಲ್ಲ ಎಂಬ ಧೈರ್ಯದಿಂದ, ಗಾಳಿಯ ಸದ್ದಿನಲ್ಲಿ ಕೇಳಿಸದಂತೆ, ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡೆ.

"ಹಿಂದೆ ಒಂದು ಬಸ್ಸು ಉಂಟು," ಎಂದರು ಅತ್ತೆ, ಮುಖ ಮುಂದಕ್ಕೇ ಇಟ್ಟುಕೊಂಡು. "ಅದರ ಡ್ರೈವರ್ ಆಕಳಿಸ್ತಾ ಇದ್ದಾನೆ. ಅವನ ಎದುರು ನೀನು. ಯಾಕೆ ಅಳ್ತಾ ಇದ್ದೀ ಮಾರಾಯ್ತಿ?"

"ಇಲ್ರೀ ಅತ್ತೀ," ಎಂದೆ.

"ಸುಳ್ಳು ಹೇಳ್ಬೇಡ," ಎಂದು ಅವರು ಗೇರು ಬದಲಿಸಿದರು. "ನನಗೆ ಕಾಣ್ತದೆ."